ಉಳಿದ ಪ್ರತಿ

ಬೆಟಗೇರಿ ಮನಿ. ಮುಂದಿನ ಖೋಲಿ ತೆರವು ಮಾಡಬೇಕಿತ್ತು.
ತಮ್ಮನ ಹೆಂಡತಿ ನೀಲಾಂಬಿಕಾ ಅಲ್ಲಿ
ಬ್ಯೂಟಿ ಪಾರ್ಲರ್ ತೆಗೀತಾಳ. ಕನ್ನಡಿ ಆಗಲೇ ಬಂದು
ಗೋಣಿತಟ್ಟು ಹೊದ್ದು ಕಟ್ಟಿಮ್ಯಾಲೆ ನಿಂತೈತಿ.
ಅಪ್ಪ ಹೋದಮ್ಯಾಲೆ ಯಾರೂ ತುಳೀದ ಟ್ರೆಡಲ್
ಬಾಗಲಕ್ಕ ಅಡ್ಡ, ಮುನಿಸಿಕೊಂಡ ಎಮ್ಮಿ ಹಂಗ.

ಖಾಜೇಸಾಬ ತಕ್ಕಡಿ ತಂದ.
ಕಬ್ಬಿಣಕ್ಕ ಇಷ್ಟು, ರದ್ದಿಗೆ ಇಷ್ಟು,
ಗಾಜಿಗೆ ಏನಿಲ್ಲ, ಚಾ ಕೊಟ್ರ ಒಯ್ತೀನಿ.
ಮೊಳಿ ಪೆಟಗಿ ಕಂಡಕೂಡ್ಲೆ ಹಿಂದ ಸರದ:
“ಇದು ಸೀಸ ಐತ್ರೀ. ನಮ್ಮ ಓಣ್ಯಾಗ ಒಲಿಮ್ಯಾಲೆ ಕರಗಸ್ತಿದ್ರು,
ಹುಡುಗೂರು ಹೊಟ್ಟಿ ಹಿಡಕೊಂಡು ಅಳತಿದ್ವು.
ನಾ ಒಲ್ಲೆ. ಹುಬ್ಬಳ್ಯಾಗ ಲೈಸನ್ಸ್ ಇದ್ದವ್ರು ಅದಾರ,
ಪಾವತಿ ಬರದು ತಗೋತಾರ.”

ತಮ್ಮ ಅಂದ, ರಾತ್ರಿ ಹಳ್ಳಕ್ಕ ಚೆಲ್ಲಿ ಬರತೀನಿ, ಯಾರ ನೋಡ್ತಾರ?
ಅವ್ವ ಅಂದ್ಲು, ಹಳ್ಳದ ನೀರಿಗೆ ಓದಾಕ ಬರತೈತೇನೋ?

ಪಾರ್ಲರಿಗೆ ತಂದ ಗುಲಾಬಿ ಗ್ಲೌಸು ಹಾಕ್ಕೊಂಡು
ನಾ ಅಕ್ಷರ ಡಬ್ಬಿಗೆ ಸುರದೆ.
‘ಙ’ ಒಂದೂ ಸವದಿರಲಿಲ್ಲ, ಅಂಗಡಿಯಿಂದ ಬಂದಂಗ ಇತ್ತು.
‘ಶ್ರೀ’ ಮಾತ್ರ ಮೂಗು ಮುಖ ಸವದು
ಯಾರ ಮನಿ ಶ್ರೀ ಅಂತ ತಿಳೀದಂಗ ಆಗಿತ್ತು.

ಆ ನಡುವ ಅಪ್ಪನ ಬೀಪಿ ಗುಳಿಗಿ ಸಿಕ್ಕವು, ತಾರೀಖು ಮುಗದವು.
ಔಷಧ ಅಂಗಡಿ ಬಸವಂತ ಇವತ್ತ ನಾಳೆ ಅಂತ ಮೂರು ಸಲ ತಿರಗಿಸಿ
ಕಡೀಕ ತಗೊಂಡ. ಸುಟ್ಟ ಟ್ಯೂಬ್‌ಲೈಟು ನಾಕು,
ನಗರಸಭೆ ಗಾಡಿ ಹುಡುಗಿ ಎಳೀ ಕೂಸಿನಂಗ ಎತ್ತಿಕೊಂಡ್ಲು.

ಕಟ್ಟಕಡೀ ಹಲಿಗಿಮ್ಯಾಲೆ ಸುತಳಿ ಬಿಗದ ಗಂಟು.
ನಾಕುನೂರಾ ಎಂಬತ್ತು ಲಗ್ನಪತ್ರ, ಎಂಬತ್ತೊಂದನೇ ಇಸವಿ ವೈಶಾಖ,
ಬಂಗಾರ ಶಾಯಿ.
ಚಿ. ಕುಂ. ಶೋ. ಸುಗಂಧಾ.
ವರನ ಹೆಸರಿನಮ್ಯಾಲೆ ಬೆರಳಿಟ್ಟು ಅವ್ವ ಸುಮ್ಮನಾದ್ಲು.

ಆ ಲಗ್ನ ಆಗಲಿಲ್ಲ. ಯಾಕ ಅಂತ
ಊರಿಗೆ ಹತ್ತು ಕಾರಣ ಗೊತ್ತಿದ್ವು.
ಪತ್ರ ಒಯ್ಯಾಕ ಯಾರೂ ಬರಲಿಲ್ಲ, ರೊಕ್ಕ ಅಪ್ಪ ಕೇಳಲಿಲ್ಲ.
ಸುಗಂಧಕ್ಕ ಬಾಜೂ ಓಣ್ಯಾಗ ಇವತ್ತಿಗೂ ಜಂಪರ್ ಹೊಲೀತಾಳ.

“ರದ್ದಿಗೆ ಹಾಕಿದ್ರ ನಾಳೆ ಇದರಾಗ ಮಿರ್ಚಿ ಕಟ್ಟತಾರ,
ಆಕಿ ಹೆಸರಿನಮ್ಯಾಲೆ ಎಣ್ಣಿ.
ಸುಡಬೇಕಂದ್ರ ಮ್ಯಾಲೆ ದೇವರ ಹೆಸರೈತಿ.”
ಆಕಿಗೇ ಕೊಡೂಣೇನವ್ವ?
“ಮರತಿದ್ರ ನೆನಪ ಮಾಡಾವ್ರು ನಾವ್ಯಾರ?
ಮರತಿಲ್ಲಂದ್ರ ಕೊಡೂದೇನೈತಿ?”

ಹಿತ್ತಲ ಡೋಣ್ಯಾಗ ನೆನಿ ಹಾಕಿದ್ಲು, ಮೂರು ದಿನ.
ಮೊದಲ ಸುಮುಹೂರ್ತ ಬಿಚ್ಚಿತು,
ಆಮ್ಯಾಲೆ ಬೀಗರು, ಆಮ್ಯಾಲೆ
ಆಪ್ತೇಷ್ಟರು ಎಲ್ಲಾರೂ ಕೂಡಿ ಬೂದಿಬಣ್ಣದ ಅಂಬಲಿ ಆದರು.
ಬಂಗಾರ ಮಾತ್ರ ನೀರಮ್ಯಾಲೆ ತೇಲಿಕೋತ.

ಮೆಂತೆ ಕೂಡಿಸಿ ಒರಳಾಗ ರುಬ್ಬಿ
ಬೋರಲ ಹಾಕಿದ ಕೊಡಕ್ಕ ಮೆತ್ತಿದ್ಲು.
ನಾಕು ಬುಟ್ಟಿ. ಬಿಸಲಿಗೆ ಒಣಗಿ
ಬಾರಸಿದ್ರ ಹಲಿಗಿ ಸಪ್ಪಳ.
“ಸಾಮಾನ ಕಡಿಮಿ ಮಾಡಂದ್ರ ಹೊಸಾ ನಾಕು ಹುಟ್ಟಿಸಿದಿ”
ಅಂತ ತಮ್ಮ ತಲಿ ಬಡಕೊಂಡ.
ಶಾಯಿ ಐತಿ, ತಿನ್ನೂದು ಇಡಬ್ಯಾಡ್ರಿ ಅಂತ ನಾ.

ಕನ್ನಡಿ ನೋಡಾಕ ಓಣಿಯೆಲ್ಲಾ ಬಂತು. ಸುಗಂಧಕ್ಕನೂ ಬಂದ್ಲು.
ಗುಂಡಿ, ದಾರದ ರೀಲು ಇಡಾಕ ಒಂದು ಬುಟ್ಟಿ ಕೇಳಿದ್ಲು.
ಅವ್ವ ಎಲ್ಲಾಕಿಂತ ದೊಡ್ಡದು ಕೊಟ್ಲು.
ಮೂಗಿಗೆ ಹಿಡಿದು, “ಮೆಂತೆ ಛಲೋ ಹಾಕೀಯವ್ವ” ಅಂದ್ಲು.
ಅಂಚಿನಾಗ ಒಂದು ಬಂಗಾರದ ಚುಕ್ಕಿ.
ಉಗುರಲೆ ಕೆದರಿದ್ಲು, ಬರಲಿಲ್ಲ,
ಹಂಗ ಬಿಟ್ಲು.

ಸೋಮವಾರ ಸೀಸ ಹುಬ್ಬಳ್ಳಿಗೆ ಹೋತು, ಐವತ್ತೆರಡು ಕೇಜಿ.
ಡಬ್ಬಿ ಮುಚ್ಚೂಮುಂದ ನಾ ಕೇಳಿದ್ದೆ,
ಒಂದ ‘ಶ್ರೀ’ ಇಟಗೊಳ್ಳೂಣೇನವ್ವ?
ಕೈ ತೊಳಕೋ ಹೋಗು, ಅಂದ್ಲು,
ಊಟಕ್ಕ ಹೊತ್ತಾತು.